ಅಮಾವಾಸ್ಯೆಗೊಮ್ಮೆ ಬಾಯಿ ತೆರೆಯಿರಿ: ಮನೆಮಂದಿಯ ಹಲ್ಲಿನ ಆರೈಕೆಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ಅಮಾವಾಸ್ಯೆ ಬಂತೆಂದರೆ ಮನೆಮುಂದಿನ ಗಾಡಿಗಳಿಗೆ ಸ್ನಾನ, ಪೂಜೆ, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲವೂ ಆಗುತ್ತದೆ. ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಅದೇ ದಿನ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಎಪ್ಪತ್ತೆರಡರ ಅತ್ತೆಯಿಂದ ಹಿಡಿದು ಎರಡನೆಯ ತರಗತಿಯ ಮಗಳವರೆಗೆ ಎಲ್ಲರೂ ಕಿಟಕಿಯ ಬಳಿಯ ಕುರ್ಚಿಯಲ್ಲಿ ಸರದಿಯಂತೆ ಕುಳಿತು ಬಾಯಿ ತೆರೆಯುತ್ತಾರೆ. ನಾನು ಮೊಬೈಲಿನ ಟಾರ್ಚ್ ಹಿಡಿದು ಒಳಗೆ ನೋಡುತ್ತೇನೆ. ಒಬ್ಬರಿಗೆ ಮೂರು ನಿಮಿಷ ಸಾಕು.

ಇದು ಶುರುವಾದದ್ದು ಮಾವನವರಿಂದ. ಒಂದು ರಾತ್ರಿ ಅವರ ಕೆಳದವಡೆ ಊದಿಕೊಂಡಿತು. ಬೆಳಗಿನ ಜಾವದ ಹೊತ್ತಿಗೆ ನೀರು ನುಂಗುವುದೂ ಕಷ್ಟವಾಯಿತು. ಐದು ದಿನ ಆಸ್ಪತ್ರೆಯಲ್ಲಿ ಇದ್ದು ಬಂದರು. ಕೀವಿನ ಮೂಲ ಹಿಂದಿನ ದವಡೆಯ ಒಂದು ಹುಳುಕು ಹಲ್ಲು. “ಅದು ನೋಯುತ್ತಲೇ ಇರಲಿಲ್ಲವಲ್ಲ” ಎಂದು ಮಾವನವರು ಕೇಳಿದಾಗ ವೈದ್ಯರು ಚೀಟಿಯ ಹಿಂದೆ ಹಲ್ಲಿನ ಚಿತ್ರ ಬರೆದು ತೋರಿಸಿದರು. ಹೊರಗಿನ ಗಟ್ಟಿ ಕವಚವಾದ ಎನಾಮೆಲ್‌ಗೆ ನರವೇ ಇಲ್ಲ, ಹುಳುಕು ಅದನ್ನು ಕೊರೆಯುವಾಗ ನಮಗೆ ಗೊತ್ತಾಗುವುದಿಲ್ಲ. ಅದರ ಕೆಳಗಿನ ಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಚುಳ್ ಎನ್ನುತ್ತದೆ. ನಡುವಿನ ತಿರುಳನ್ನು ಮುಟ್ಟಿದ ಮೇಲೆ ರಾತ್ರಿಯ ನಿದ್ದೆ ಹೋಗುತ್ತದೆ. ತಿರುಳು ಸತ್ತರೆ ನೋವು ನಿಂತುಬಿಡುತ್ತದೆ, ಆದರೆ ಬೇರಿನ ತುದಿಯಲ್ಲಿ ಕೀವು ಬೆಳೆಯುತ್ತಲೇ ಇರುತ್ತದೆ. ಅದಕ್ಕೂ ಎರಡು ವರ್ಷ ಮುಂಚೆ ಮಾವನವರಿಗೆ ಒಂದು ವಾರ ಹಲ್ಲು ನೋವು ಬಂದು ತಾನಾಗಿಯೇ ಹೋಗಿತ್ತು. ಲವಂಗದಿಂದ ಗುಣವಾಯಿತೆಂದು ನಾವೆಲ್ಲ ಸಂತೋಷಪಟ್ಟಿದ್ದೆವು.

ಆ ಚಿತ್ರ ನೋಡಿದ ದಿನದಿಂದ ನನಗೆ ಒಂದು ವಿಷಯ ಖಚಿತವಾಗಿದೆ. ನೋವನ್ನು ಕಾಯುತ್ತ ಕೂರುವವರಿಗೆ ಹಲ್ಲು ಉಳಿಯುವುದಿಲ್ಲ. ನೋವಿಲ್ಲದ ದಿನಗಳಲ್ಲೇ ನೋಡಬೇಕು. ಆದ್ದರಿಂದ ಬ್ರಷ್ಷಿನ ಮಾತಿಗಿಂತ ಮುಂಚೆ ನೋಡುವುದು ಹೇಗೆಂದು ಹೇಳುತ್ತೇನೆ.

ಟಾರ್ಚಿನ ಬೆಳಕಿನಲ್ಲಿ ಏನೇನು ನೋಡಬೇಕು

ಮೊದಲು ಕೈ ತೊಳೆದುಕೊಳ್ಳಿ. ನೋಡಿಸಿಕೊಳ್ಳುವವರು ಬಾಯಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲು ಇದ್ದರೆ ತೆಗೆದಿಡಲಿ. ಬೆಳಕಿಗೆ ಮುಖ ಮಾಡಿ, ತಲೆ ಸ್ವಲ್ಪ ಹಿಂದಕ್ಕೆ ಒರಗಿಸಿ ಕುಳಿತುಕೊಳ್ಳಲಿ.

1. ಮೇಲಿನ ತುಟಿಯನ್ನು ಎತ್ತಿ, ಕೆಳಗಿನ ತುಟಿಯನ್ನು ಎಳೆದು ವಸಡನ್ನು ನೋಡಿ. ಆರೋಗ್ಯವಂತ ವಸಡು ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಂಚು ಕೆಂಪಾಗಿ ಊದಿದ್ದರೆ, ಬ್ರಷ್ ಮಾಡುವಾಗ ರಕ್ತ ಬರುತ್ತಿದ್ದರೆ ಅಲ್ಲಿ ಪಾಚಿ, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ, ಕೂತಿದೆ ಎಂದರ್ಥ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಕಂಡರೆ ಅದು ಬೇರಿನ ಕೀವು ಹೊರಬರುವ ದಾರಿ. ನೋಯದಿದ್ದರೂ ಅದೇ ವಾರ ದಂತವೈದ್ಯರಿಗೆ ತೋರಿಸಿ.

2. ಹಲ್ಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಲಾಗಿ ನೋಡಿ. ದವಡೆ ಹಲ್ಲಿನ ಗೀರುಗಳಲ್ಲಿ ಕಪ್ಪು, ಎರಡು ಹಲ್ಲಿನ ಸಂದಿಯಲ್ಲಿ ನೆರಳಿನಂಥ ಕಂದು, ಚಿಕ್ಕ ಮಕ್ಕಳಲ್ಲಿ ಮುಂದಿನ ಹಲ್ಲಿನ ವಸಡಿನಂಚಿಗೆ ಸುಣ್ಣದ ಗೆರೆಯಂಥ ಬಿಳುಪು, ಈ ಮೂರನ್ನು ಹುಡುಕಬೇಕು. ಆ ಬಿಳಿ ಗೆರೆ ಹುಳುಕಿನ ಮೊದಲ ಹೆಜ್ಜೆ. ಆ ಹಂತದಲ್ಲಿ ಎನಾಮೆಲ್ ಗಟ್ಟಿ ಮಾಡುವ ಫ್ಲೋರೈಡ್ ಲೇಪನ ಮತ್ತು ಸರಿಯಾದ ಬ್ರಷ್‌ನಿಂದ ಕೊರೆಯುವ ಅಗತ್ಯವಿಲ್ಲದೆ ಅದನ್ನು ತಡೆಯಬಹುದು.

3. ಕೆನ್ನೆಯ ಒಳಭಾಗವನ್ನು ಬೆರಳಿನಿಂದ ಸರಿಸಿ ಎರಡೂ ಬದಿ ನೋಡಿ. ನಾಲಿಗೆಯನ್ನು ಹೊರಗೆ ಚಾಚಿಸಿ, ನಂತರ ಎಡಕ್ಕೆ, ಬಲಕ್ಕೆ ತಿರುಗಿಸಿ ಅಂಚುಗಳನ್ನು ನೋಡಿ. ನಾಲಿಗೆಯನ್ನು ಮೇಲೆತ್ತಿಸಿ ಅದರ ಬುಡವನ್ನೂ ನೋಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಬಿಸಿ ಚಹಾದಿಂದ ಸುಟ್ಟದ್ದು, ಚೂಪಾದ ಹಲ್ಲು ತಾಗಿ ಆದ ಗಾಯ ಸಾಮಾನ್ಯವಾಗಿ ಅಷ್ಟರೊಳಗೆ ಮಾಯುತ್ತವೆ.

4. ಕೊನೆಗೆ ಬಾಯನ್ನು ಪೂರ್ತಿ ತೆರೆಸಿ. ತಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಆಗಬೇಕು. ಎರಡೇ ಬೆರಳು ಹಿಡಿಯುತ್ತವೆ ಎಂದರೆ, ಅದರಲ್ಲೂ ಅಡಿಕೆ ತಿನ್ನುವವರಾದರೆ, ಅದು ದೊಡ್ಡ ಎಚ್ಚರಿಕೆ. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಏನಾದರೂ ಕಂಡರೆ ಅದೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮುಂದಿನ ತಿಂಗಳು ಹೋಲಿಸಲು, ವೈದ್ಯರಿಗೆ ತೋರಿಸಲು ಅದು ಬಹಳ ಉಪಯೋಗಕ್ಕೆ ಬರುತ್ತದೆ.

ರಾತ್ರಿಯ ಬ್ರಷ್

ಬೆಳಿಗ್ಗೆ ಹಲ್ಲುಜ್ಜದೆ ಚಹಾ ಕುಡಿಯುವುದು ನಮ್ಮ ಹಿರಿಯರಿಗೆ ಅಸಹ್ಯ. ಆದರೆ ರಾತ್ರಿ ಉಂಡು ಹಾಗೆಯೇ ಮಲಗುವುದಕ್ಕೆ ಯಾರೂ ಬೇಸರಪಡುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ರಾತ್ರಿಯದನ್ನು ಆರಿಸಿ ಎಂದು ನಾನು ಹೇಳುತ್ತೇನೆ. ಹಗಲಿನಲ್ಲಿ ಜೊಲ್ಲು ಬಾಯಿಯನ್ನು ತೊಳೆಯುತ್ತದೆ, ಹುಳಿಯ ಕಸುವು ಇಳಿಸುತ್ತದೆ, ಎನಾಮೆಲ್ ಕಳೆದುಕೊಂಡ ಖನಿಜವನ್ನು ಮರಳಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಸಂದಿಯಲ್ಲಿ ಉಳಿದ ಅನ್ನದ ಅಗುಳು, ರೊಟ್ಟಿಯ ಚೂರು ಏಳೆಂಟು ಗಂಟೆ ಅಲ್ಲೇ ಕೊಳೆಯುತ್ತದೆ.

ಮೃದುವಾದ ಎಳೆಗಳಿರುವ ಬ್ರಷ್ ಕೊಳ್ಳಿ. ಎಳೆಗಳು ಬಾಗಿದ ಮೇಲೆ, ಹೆಚ್ಚೆಂದರೆ ಮೂರು ತಿಂಗಳಿಗೆ, ಬದಲಿಸಿ. ಪೇಸ್ಟ್ ಕೊಳ್ಳುವಾಗ ಮುಂಭಾಗದ ಬಣ್ಣದ ಚಿತ್ರ ಬಿಟ್ಟು ಹಿಂಭಾಗವನ್ನು ಓದಿ. ಫ್ಲೋರೈಡ್ ಇದೆಯೇ, ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ಅಲ್ಲಿ ಬರೆದಿರುತ್ತದೆ. ದೊಡ್ಡವರಿಗೆ ಸುಮಾರು 1000 ಪಿಪಿಎಂ ಇರುವುದು ಬೇಕು. ಬೇವು, ಲವಂಗ, ಇದ್ದಿಲು, ಉಪ್ಪು ಇವೆ ಎಂಬ ಕಾರಣಕ್ಕೆ ಪೇಸ್ಟನ್ನು ಆರಿಸಬೇಡಿ.

ಬ್ರಷ್ಷನ್ನು ಹಲ್ಲು ಮತ್ತು ವಸಡು ಕೂಡುವ ಗೆರೆಯ ಮೇಲೆ ಓರೆಯಾಗಿ ಇಡಿ, ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಬರುವಂತೆ. ಅಲ್ಲೇ ಸಣ್ಣದಾಗಿ ಅಲುಗಾಡಿಸಿ, ನಂತರ ಮೇಲಿನ ಹಲ್ಲಾದರೆ ಕೆಳಕ್ಕೆ, ಕೆಳಗಿನ ಹಲ್ಲಾದರೆ ಮೇಲಕ್ಕೆ ಹೊರಳಿಸಿ. ಹೊರಭಾಗ, ಒಳಭಾಗ, ಅಗಿಯುವ ಭಾಗ, ಈ ಕ್ರಮ ತಪ್ಪದಿದ್ದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ಹಿಡಿಯಬೇಕು. ಜೊಲ್ಲಿನ ಗ್ರಂಥಿ ಅಲ್ಲೇ ತೆರೆದುಕೊಳ್ಳುವುದರಿಂದ ಗಟ್ಟಿ ಪಾಚಿ ಮೊದಲು ಕಟ್ಟುವುದು ಅಲ್ಲಿ. ಎರಡು ನಿಮಿಷ ಬೇಕು. ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ಒತ್ತಿ ತಿಕ್ಕುವವರ ಹಲ್ಲಿನ ಬುಡದಲ್ಲಿ ಕೆಲವು ವರ್ಷಗಳಲ್ಲಿ ಕೊಡಲಿ ಬಿದ್ದಂಥ ಕಚ್ಚು ಮೂಡುತ್ತದೆ, ಆಮೇಲೆ ತಣ್ಣೀರು ಕುಡಿಯಲೂ ಆಗುವುದಿಲ್ಲ.

ಮುಗಿದ ಮೇಲೆ ನೊರೆ ಉಗುಳಿ, ಆದರೆ ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ತೆಳುವಾಗಿ ಉಳಿಯುವ ಫ್ಲೋರೈಡ್ ರಾತ್ರಿಯಿಡೀ ಕೆಲಸ ಮಾಡುತ್ತದೆ. ಇದು ನನ್ನ ಅತ್ತೆಗೆ ಒಪ್ಪಿಸಲು ಕಷ್ಟವಾದ ಮಾತು. ಈಗ ಅವರು ಒಂದೇ ಗುಟುಕಿಗೆ ನಿಲ್ಲಿಸುತ್ತಾರೆ.

ಸಂದಿಗಳಿಗೆ ಬ್ರಷ್ ಹೋಗುವುದಿಲ್ಲ. ಅದಕ್ಕೆ ಔಷಧ ಅಂಗಡಿಯಲ್ಲಿ ಸಿಗುವ ಫ್ಲಾಸ್ ದಾರ, ಸಂದಿ ಅಗಲವಾಗಿದ್ದರೆ ಚಿಕ್ಕ ಸಂದಿ ಬ್ರಷ್ ಬಳಸಿ. ದಾರವನ್ನು ಗರಗಸದಂತೆ ಎಳೆದು ನಿಧಾನವಾಗಿ ಇಳಿಸಿ, ಒಂದೊಂದು ಹಲ್ಲಿನ ಬದಿಗೂ ಅಪ್ಪಿಸಿ ಮೇಲೆತ್ತಿ. ಪಿನ್ನು, ಬೆಂಕಿಕಡ್ಡಿ ಹಾಕಿ ಚುಚ್ಚಬೇಡಿ. ಮೊದಲ ವಾರ ರಕ್ತ ಬಂದರೆ ಹೆದರಿ ನಿಲ್ಲಿಸಬೇಡಿ. ಪಾಚಿ ಹೋದಂತೆ ರಕ್ತ ನಿಲ್ಲುತ್ತದೆ. ಎರಡು ವಾರದಲ್ಲೂ ನಿಲ್ಲದಿದ್ದರೆ ಗಟ್ಟಿಯಾದ ಪಾಚಿ ಇದೆ, ಅದನ್ನು ವೈದ್ಯರೇ ತೆಗೆಯಬೇಕು.

ಬೇವಿನ ಕಡ್ಡಿ ಬಳಸುವವರನ್ನು ನಾನು ತಡೆಯುವುದಿಲ್ಲ. ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಲಿ, ರಾತ್ರಿ ಪೇಸ್ಟ್ ಹಾಕಿ ಬ್ರಷ್ ಮಾಡಲಿ. ಆದರೆ ಇದ್ದಿಲು, ಇಟ್ಟಂಗಿಯ ಪುಡಿ, ಬೂದಿ ಬೇಡವೇ ಬೇಡ, ಅವು ಎನಾಮೆಲ್ ಸವೆಸುತ್ತವೆ. ಇನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಶೇರಿ ಹಲ್ಲುಪುಡಿಯೇ ಅಲ್ಲ, ಸುಟ್ಟ ತಂಬಾಕು. ದಿನಕ್ಕೆ ನಾಲ್ಕೈದು ಸಲ ತಿಕ್ಕದಿದ್ದರೆ ತಲೆ ನೋಯುತ್ತದೆ ಎಂದು ಅವರು ಹೇಳುವುದು ನಿಕೋಟಿನ್ ಚಟದ ಲಕ್ಷಣ.

ಪಂಚಮಿಯ ಉಂಡಿ ಮತ್ತು ದಿನವಿಡೀ ಚಹಾ

ಸಿಹಿ ತಿನ್ನಬೇಡಿ ಎಂದು ಧಾರವಾಡದ ನೆಲದಲ್ಲಿ ನಿಂತು ಯಾರಾದರೂ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಲ್ಲಿಗೆ ಮುಖ್ಯವಾದದ್ದು ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಅದು ಇಳಿಯಲು ಅರ್ಧ ಗಂಟೆಯಾದರೂ ಬೇಕು. ಊಟದ ಜೊತೆ ನಾಲ್ಕು ಪೇಡೆ ತಿಂದರೆ ಹಲ್ಲಿಗೆ ಒಂದೇ ಪೆಟ್ಟು. ಅದೇ ನಾಲ್ಕನ್ನು ಗಂಟೆಗೊಂದರಂತೆ ತಿಂದರೆ ನಾಲ್ಕು ಪೆಟ್ಟು.

ಈಗ ನಾಗಪಂಚಮಿಯನ್ನು ನೆನಪಿಸಿಕೊಳ್ಳಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ರವೆ ಉಂಡಿ ಡಬ್ಬಿಗಳಲ್ಲಿ ತುಂಬಿರುತ್ತವೆ. ಮಕ್ಕಳು ಜೋಕಾಲಿಯಿಂದ ಇಳಿದಾಗಲೆಲ್ಲ ಒಂದನ್ನು ಬಾಯಿಗೆ ಹಾಕಿಕೊಂಡು ಓಡುತ್ತಾರೆ. ಬೆಲ್ಲದ ಪಾಕ ದವಡೆಯ ಗೀರುಗಳಿಗೆ ಅಂಟಿ ಗಂಟೆಗಟ್ಟಲೆ ಉಳಿಯುತ್ತದೆ. ಬೆಲ್ಲವೆಂದು ಹಲ್ಲು ಸಕ್ಕರೆಗಿಂತ ಮೃದುವಾಗಿ ನಡೆಸಿಕೊಳ್ಳುವುದಿಲ್ಲ. ನಮ್ಮ ಮನೆಯ ನಿಯಮ ಸರಳ. ಉಂಡಿ ಊಟದ ಜೊತೆ ಮಾತ್ರ, ಬೇಕಾದಷ್ಟು. ತಿಂದ ಮೇಲೆ ನೀರು ಮುಕ್ಕಳಿಸಬೇಕು. ಸಂಕ್ರಾಂತಿಯ ಕುಸುರೆಳ್ಳಿಗೂ ಇದೇ ನಿಯಮ.

ದೊಡ್ಡವರ ಉಂಡಿ ಯಾವುದೆಂದರೆ ಚಹಾ. ಅಂಗಡಿಯಲ್ಲಿ ಕೂರುವವರು, ಮಾರುಕಟ್ಟೆಯ ಹಮಾಲರು, ಕಚೇರಿಯವರು ದಿನಕ್ಕೆ ಎಂಟು ಹತ್ತು ಸಕ್ಕರೆ ಚಹಾ ಕುಡಿಯುತ್ತಾರೆ. ಎರಡನ್ನು ಸಕ್ಕರೆ ಹಾಕಿ ಕುಡಿಯಿರಿ, ಉಳಿದದ್ದನ್ನು ಸಕ್ಕರೆ ಇಲ್ಲದೆ ಕುಡಿಯಿರಿ. ಗಿರಮಿಟ್ಟು, ಮಿರ್ಚಿ ತಿಂದರೂ ಚುರಮುರಿಯ ಹಿಟ್ಟು ಸಂದಿಯಲ್ಲಿ ಉಳಿಯುತ್ತದೆ, ಒಂದು ಲೋಟ ನೀರಿನಿಂದ ಮುಕ್ಕಳಿಸಿದರೆ ಸಾಕು. ಹುಳಿ ಹಣ್ಣು, ಸೋಡಾ, ತಂಪು ಪಾನೀಯ ಕುಡಿದ ಕೂಡಲೇ ಬ್ರಷ್ ಮಾಡಬೇಡಿ. ಆಮ್ಲದಿಂದ ಮೆದುವಾದ ಎನಾಮೆಲ್ ಬ್ರಷ್ಷಿಗೆ ಸವೆಯುತ್ತದೆ. ಅರ್ಧ ಗಂಟೆ ಬಿಡಿ.

ಗದಗ ಸೀಮೆಯ ನೀರು

ನನ್ನ ತವರು ಮುಂಡರಗಿ ತಾಲ್ಲೂಕಿನ ಹಳ್ಳಿ. ನನ್ನ ಚಿಕ್ಕಪ್ಪನ ಮಗಳು ಇವತ್ತಿಗೂ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಹಲ್ಲಿನ ಮೇಲೆ ಹಳದಿ, ಕಂದು ಪಟ್ಟಿಗಳಿವೆ. ಅವಳನ್ನು ನೋಡಲು ಬಂದ ಒಂದು ಮನೆಯವರು ಹಲ್ಲುಜ್ಜುವುದಿಲ್ಲವೇ ಎಂದು ಕೇಳಿದ್ದರು. ಆ ಮಾತು ಅವಳಿಗೆ ಎಷ್ಟು ಚುಚ್ಚಿತೆಂದು ನನಗೆ ಗೊತ್ತು. ತಪ್ಪು ಅವಳದಲ್ಲ, ಬೋರ್‌ವೆಲ್ಲಿನದು.

ಗದಗ ಜಿಲ್ಲೆಯ ಅನೇಕ ಹಳ್ಳಿಗಳ ಆಳದ ನೀರಿನಲ್ಲಿ ಬಂಡೆಗಳಿಂದ ಕರಗಿ ಬಂದ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ ಹೆಚ್ಚೆಂದರೆ 1.5. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಅದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಲೆ ಹಲ್ಲಿನೊಳಗೇ ಹುಟ್ಟಿರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಹೆಚ್ಚು ಪ್ರಮಾಣ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ಪೇಸ್ಟಿನಲ್ಲಿ ಬೇಕೆಂದ ಫ್ಲೋರೈಡ್ ನೀರಿನಲ್ಲಿ ಬೇಡವೆಂದರೆ ಹೇಗೆ ಎಂದು ನನ್ನ ತಮ್ಮ ಕೇಳಿದ್ದ. ಹಲ್ಲಿನ ಮೇಲೆ ಸವರಿ ಉಗುಳಿದ ಫ್ಲೋರೈಡ್ ಎನಾಮೆಲ್ಲನ್ನು ಗಟ್ಟಿ ಮಾಡುತ್ತದೆ. ತೊಂದರೆ ಬರುವುದು ಬೆಳೆಯುವ ವಯಸ್ಸಿನಲ್ಲಿ ದಿನವೂ ಹೆಚ್ಚಾಗಿ ನುಂಗುವುದರಿಂದ. ಅಂಥ ಊರುಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನು ಕೇಳಿಯೇ ಕೊಳ್ಳಿ.

ಮಾಡಬೇಕಾದದ್ದು ಇಷ್ಟು. ಮೊದಲು ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಇಲ್ಲವೇ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಸ್ವಚ್ಛ ಬಾಟಲಿಯಲ್ಲಿ ನೀರು ಕೊಡಿ. ಹೆಚ್ಚಿದ್ದರೆ ಕುಡಿಯಲು ಮತ್ತು ಅಡುಗೆಗೆ ನದಿ ನೀರು, ಮಳೆ ನೀರು ಅಥವಾ ಆರ್‌ಒ ಘಟಕದ ನೀರು ಬಳಸಿ. ಅಡುಗೆಗೂ ಎನ್ನುವುದನ್ನು ಮರೆಯಬೇಡಿ, ಬೇಳೆ, ಅನ್ನ, ಅಂಬಲಿಯ ಮೂಲಕವೂ ಅದೇ ನೀರು ಮಗುವಿನ ಹೊಟ್ಟೆಗೆ ಹೋಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಹುಬ್ಬಳ್ಳಿಗೆ ಮಲಪ್ರಭೆಯ ನೀರು ಬರುವುದರಿಂದ ನಮಗೆ ಈ ಚಿಂತೆ ಕಡಿಮೆ, ಆದರೆ ನಳ ಬರದ ದಿನಗಳಲ್ಲಿ ಬೋರ್‌ವೆಲ್ ನೀರನ್ನೇ ಕುಡಿಯುವ ಮನೆಗಳು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಲೆ ಆಗಿಹೋಗಿದ್ದರೆ ಮೇಲ್ಪದರವನ್ನು ತೆಳುವಾಗಿ ಉಜ್ಜಿ ತೆಗೆಯುವುದು, ಹಲ್ಲಿನ ಬಣ್ಣದ ಲೇಪನ ಕೂರಿಸುವುದು, ಇಂಥ ಚಿಕಿತ್ಸೆಗಳು ಇವೆ. ಬೀದಿಯಲ್ಲಿ ಆಮ್ಲ ಹಚ್ಚಿ ಬಿಳಿ ಮಾಡಿಕೊಡುವವರ ಬಳಿ ಹೋಗಬೇಡಿ. ಆ ದಿನ ಹಲ್ಲು ಹೊಳೆಯುತ್ತದೆ, ಎನಾಮೆಲ್ ಮಾತ್ರ ಶಾಶ್ವತವಾಗಿ ಹೋಗುತ್ತದೆ.

ಮಕ್ಕಳ ಬಾಯಿ

ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ ಮೂಡುತ್ತದೆ. ಎರಡೂವರೆ, ಮೂರು ವರ್ಷದೊಳಗೆ ಇಪ್ಪತ್ತೂ ಹಾಲುಹಲ್ಲು ಬರುತ್ತವೆ. ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಷ್ ಶುರುಮಾಡಿ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ಬ್ರಷ್ ಮಾಡುವ ಕೈ ನಿಮ್ಮದೇ ಇರಬೇಕು. ಮಗು ತಾನೇ ಮಾಡುತ್ತೇನೆಂದರೆ ಮಾಡಲಿ, ಆಮೇಲೆ ನೀವೊಮ್ಮೆ ಮಾಡಿ. ಮಗುವನ್ನು ನಿಮ್ಮ ಮುಂದೆ ಬೆನ್ನು ಕೊಟ್ಟು ನಿಲ್ಲಿಸಿ ತಲೆಯನ್ನು ಎದೆಗೆ ಒರಗಿಸಿಕೊಂಡರೆ ಹಿಂದಿನ ದವಡೆಗೂ ಬ್ರಷ್ ತಲುಪುತ್ತದೆ.

ಹಲ್ಲು ಬರುವಾಗ ವಸಡು ತುರಿಸುತ್ತದೆ, ಜೊಲ್ಲು ಸುರಿಯುತ್ತದೆ. ಜೋರು ಜ್ವರ, ಭೇದಿ ಬಂದರೆ ಅದನ್ನು ಹಲ್ಲಿನ ಲೆಕ್ಕಕ್ಕೆ ಹಾಕಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಸಕ್ಕರೆ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಬೇಡಿ. ಮುಂದಿನ ನಾಲ್ಕು ಹಲ್ಲುಗಳು ಕಪ್ಪಾಗಿ ಮುರಿಯುವುದಕ್ಕೆ ಮುಖ್ಯ ಕಾರಣ ಅದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು ಹಲ್ಲಿನ ಮಾತು ಹಾಗಿರಲಿ, ಜೀವಕ್ಕೇ ಅಪಾಯ ತರಬಹುದು.

“ಬಿದ್ದುಹೋಗುವ ಹಲ್ಲಿಗೆ ಇಷ್ಟೇಕೆ ಖರ್ಚು?” ಎಂದು ನನ್ನ ಅವ್ವ ಕೇಳಿದ್ದಳು. ಹಾಲುಹಲ್ಲು ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಕಾಯುತ್ತದೆ. ಅದನ್ನು ಬೇಗ ಕಳೆದುಕೊಂಡರೆ ಪಕ್ಕದ ಹಲ್ಲುಗಳು ವಾಲಿಕೊಂಡು ಹೊಸ ಹಲ್ಲು ಸೊಟ್ಟ ಬರುತ್ತದೆ. ಕೀವಾದರೆ ಕೆಳಗಿನ ಹಲ್ಲಿನ ಎನಾಮೆಲ್ಲೂ ಕೆಡಬಹುದು. ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಬಾಳಬೇಕಾದವು.

ಬಹುಪಾಲು ತಾಯಂದಿರಿಗೆ ತಪ್ಪಿಹೋಗುವ ಸಂಗತಿಯೊಂದಿದೆ. ಆರನೆಯ ವರ್ಷದ ಸುಮಾರಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಎಲ್ಲರೂ ಅದನ್ನೂ ಹಾಲುಹಲ್ಲೆಂದು ತಿಳಿಯುತ್ತಾರೆ. ಅದು ಜೀವಮಾನವಿಡೀ ಇರಬೇಕಾದ ಹಲ್ಲು. ಗೀರುಗಳು ಆಳವಾಗಿರುವುದರಿಂದ ಮೊದಲು ಹುಳುಕಾಗುವುದೂ ಅದೇ. ಅದು ಪೂರ್ತಿ ಮೇಲೆ ಬಂದ ಕೂಡಲೇ ವೈದ್ಯರಲ್ಲಿ ಹೋಗಿ ಗೀರುಗಳಿಗೆ ಸೀಲೆಂಟ್ ಎಂಬ ತೆಳು ಲೇಪನ ಹಾಕಿಸಿ. ಚುಚ್ಚುವುದಿಲ್ಲ, ಕೊರೆಯುವುದಿಲ್ಲ, ಕೆಲವೇ ನಿಮಿಷಗಳ ಕೆಲಸ. ಇಡೀ ಮಾರ್ಗದರ್ಶಿಯಲ್ಲಿ ಮಕ್ಕಳಿಗಾಗಿ ಒಂದನ್ನೇ ಮಾಡುವಿರಾದರೆ ಇದನ್ನು ಮಾಡಿ.

ಬಸುರಿಯರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು

ಬಸುರಿನಲ್ಲಿ ವಸಡು ಊದಿ ರಕ್ತ ಬರುವುದು ಸಾಮಾನ್ಯ. ಹಾರ್ಮೋನುಗಳ ಕಾರಣ ಅಲ್ಪ ಪಾಚಿಗೂ ವಸಡು ಕೆರಳುತ್ತದೆ. ಹಲ್ಲಿನ ಚಿಕಿತ್ಸೆಗೆ ನಾಲ್ಕರಿಂದ ಆರನೆಯ ತಿಂಗಳು ಹೆಚ್ಚು ಅನುಕೂಲ, ಆದರೆ ಕೀವು, ನೋವಿದ್ದರೆ ಯಾವ ತಿಂಗಳಾದರೂ ಕಾಯಬಾರದು. ಬಸುರಿ ಎಂದು ಮೊದಲೇ ತಿಳಿಸಿ. ವಾಂತಿಯಾದ ಮೇಲೆ ನೀರು ಮುಕ್ಕಳಿಸಿ, ಬ್ರಷ್ ಅರ್ಧ ಗಂಟೆ ಬಿಟ್ಟು ಮಾಡಿ.

ಸಕ್ಕರೆ ಕಾಯಿಲೆ ಮತ್ತು ವಸಡಿನ ರೋಗ ಒಂದನ್ನೊಂದು ಬೆಳೆಸುತ್ತವೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಇವರು ಆರು ತಿಂಗಳಿಗೊಮ್ಮೆ ವಸಡು ತೋರಿಸಲೇಬೇಕು. ರಕ್ತದೊತ್ತಡದ, ಫಿಟ್ಸಿನ ಕೆಲವು ಮಾತ್ರೆಗಳು ವಸಡನ್ನು ಬೆಳೆಸುತ್ತವೆ, ಇನ್ನು ಕೆಲವು ಬಾಯಿ ಒಣಗಿಸುತ್ತವೆ. ಹಾಗೆಂದು ಮಾತ್ರೆ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮುಂಚೆ ತಾವಾಗಿಯೇ ಅದನ್ನು ಬಿಟ್ಟರೆ ಪ್ರಾಣಕ್ಕೆ ಕುತ್ತು.

ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಿ. ಸಾಬೂನು, ಮೃದು ಬ್ರಷ್‌ನಿಂದ ತೊಳೆಯಿರಿ, ಕೆಳಗೆ ಒಂದು ಬಟ್ಟೆ ಹಾಸಿಕೊಂಡರೆ ಜಾರಿ ಬಿದ್ದರೂ ಒಡೆಯುವುದಿಲ್ಲ. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ಜಾತ್ರೆ, ಸಂತೆಗಳಲ್ಲಿ ಕುಳಿತು ಹಲ್ಲು ಕಟ್ಟುವವರು ಹೊಸ ಹಲ್ಲನ್ನು ಪಕ್ಕದ ಹಲ್ಲಿಗೆ ಅಂಟಿಸಿ ಕಳಿಸುತ್ತಾರೆ. ಅದರ ಅಡಿಯಲ್ಲಿ ಕೊಳೆ ಸೇರಿ ಗಟ್ಟಿಯಿದ್ದ ಹಲ್ಲುಗಳೂ ಅಲುಗಾಡುತ್ತವೆ.

ಎಲೆ, ಅಡಿಕೆ, ತಂಬಾಕು

ಸವಣೂರಿನ ಎಲೆಯ ರುಚಿ ಬಲ್ಲ ಮನೆಯವಳು ನಾನು. ಬರೇ ಎಲೆಯ ಮೇಲೆ ನನಗೆ ದೂರಿಲ್ಲ. ದೂರಿರುವುದು ಅಡಿಕೆ ಮತ್ತು ತಂಬಾಕಿನ ಮೇಲೆ. ತಂಬಾಕಿಲ್ಲದೆ ಬರೇ ಅಡಿಕೆ ತಿಂದರೂ ಅದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಕೊಂಡು ಹುಡುಗರು ಅಂಗೈಯಲ್ಲೇ ಕೂಡಿಸುತ್ತಾರೆ.

ಅಡಿಕೆಯಿಂದ ಕೆನ್ನೆಯ ಒಳಪದರ ನಾರುನಾರಾಗಿ ಬಿಗಿಯುತ್ತದೆ. ಮೊದಲು ಖಾರ ತಾಳದಂತಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಚಟ್ನಿಯಲ್ಲಿ ಬೆಳೆದ ಹುಡುಗ ಇದ್ದಕ್ಕಿದ್ದಂತೆ ಸಪ್ಪೆ ಊಟ ಕೇಳತೊಡಗಿದರೆ ಅವನ ಬಾಯಿ ನೋಡಿ. ನಂತರ ಒಳಗೆ ಬಿಳಿಚಿಕೊಳ್ಳುತ್ತದೆ, ಆಮೇಲೆ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಮೂರು ಬೆರಳಿನ ಪರೀಕ್ಷೆ ಇದಕ್ಕಾಗಿಯೇ. ಬಿಗಿದದ್ದು ಪೂರ್ತಿ ಮರಳುವುದು ಕಷ್ಟ, ಅಡಿಕೆ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು. ಈ ಸ್ಥಿತಿಯಲ್ಲಿರುವವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ, ಆದ್ದರಿಂದ ಬಿಟ್ಟ ಮೇಲೂ ತೋರಿಸುತ್ತಲೇ ಇರಬೇಕು.

ಬಿಡುವವರು ಒಂದು ದಿನ ಗೊತ್ತು ಮಾಡಿಕೊಂಡು, ಹಿಂದಿನ ರಾತ್ರಿಯೇ ಜೇಬು, ಗಾಡಿಯ ಡಿಕ್ಕಿ, ಅಂಗಡಿಯ ಗಲ್ಲಾಪೆಟ್ಟಿಗೆ ಎಲ್ಲ ಖಾಲಿ ಮಾಡಲಿ. ಮೊದಲ ಒಂದೆರಡು ವಾರ ಸಿಡಿಮಿಡಿ, ತಲೆನೋವು ಇರುತ್ತದೆ. ಚಪಲ ಎದ್ದಾಗ ಅದು ಕೆಲವು ನಿಮಿಷ ಮಾತ್ರ ನಿಲ್ಲುತ್ತದೆ. ಆ ಹೊತ್ತಿಗೆ ಬಡೇಸೋಪು, ಏಲಕ್ಕಿ ಅಗಿಯಬಹುದು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮನೆಯವರು ಬೈಯಬಾರದು. ಬೈದರೆ ಅವರು ಬಚ್ಚಿಟ್ಟು ತಿನ್ನುತ್ತಾರೆ, ಬಾಯಿ ತೋರಿಸುವುದನ್ನೂ ನಿಲ್ಲಿಸುತ್ತಾರೆ.

ನಡುರಾತ್ರಿಯ ಹಲ್ಲು ನೋವು, ಕಿತ್ತು ಬಿದ್ದ ಹಲ್ಲು

ರಾತ್ರಿ ನೋವು ಎದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ದಾರದಿಂದ ಸಂದಿಯಲ್ಲಿ ಸಿಕ್ಕಿದ್ದನ್ನು ತೆಗೆಯಿರಿ. ಬೇರೆ ಕಾಯಿಲೆ ಇಲ್ಲದ ದೊಡ್ಡವರು 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ನುಂಗಬಹುದು, ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು. ಕೆನ್ನೆಯ ಹೊರಗೆ ತಣ್ಣನೆಯ ಬಟ್ಟೆ ಇಡಿ, ತಲೆದಿಂಬು ಎತ್ತರಿಸಿ ಮಲಗಿ. ಲವಂಗದೆಣ್ಣೆಯ ಒಂದು ಹನಿಯನ್ನು ಹತ್ತಿಗೆ ಹಾಕಿ ಹಲ್ಲಿನ ರಂಧ್ರದಲ್ಲಿ ಇಡಬಹುದು, ವಸಡಿಗೆ ತಾಗಿದರೆ ಸುಡುತ್ತದೆ. ಮಾತ್ರೆಯನ್ನು ಪುಡಿ ಮಾಡಿ ವಸಡಿನ ಮೇಲೆ ಇಡುವುದು, ತಂಬಾಕು ಒತ್ತುವುದು, ಊತಕ್ಕೆ ಬಿಸಿ ಶಾಖ ಕೊಡುವುದು, ಹಿಂದೆ ಉಳಿದ ಆಂಟಿಬಯಾಟಿಕ್ ನುಂಗುವುದು ಬೇಡ. ನೋವು ಇಳಿದರೂ ಬೆಳಿಗ್ಗೆ ವೈದ್ಯರಲ್ಲಿ ಹೋಗಿ. ಮಾವನವರ ಕಥೆ ಅಲ್ಲಿಂದಲೇ ಶುರುವಾಗಿತ್ತು.

ಆದರೆ ಊತ ಗದ್ದದ ಕೆಳಗೆ, ಕುತ್ತಿಗೆಗೆ ಅಥವಾ ಕಣ್ಣಿನ ಕಡೆಗೆ ಹರಡುತ್ತಿದ್ದರೆ, ಜ್ವರವಿದ್ದರೆ, ನುಂಗಲು, ಉಸಿರಾಡಲು, ಬಾಯಿ ತೆರೆಯಲು ಕಷ್ಟವಾದರೆ ಬೆಳಗಾಗುವುದನ್ನು ಕಾಯಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, 108ಕ್ಕೆ ಕರೆ ಮಾಡಿ.

ಆಟದಲ್ಲಿ, ಗಾಡಿಯಿಂದ ಬಿದ್ದು ಶಾಶ್ವತ ಹಲ್ಲು ಇಡಿಯಾಗಿ ಕಿತ್ತು ಬಂದರೆ ಅದನ್ನು ಮತ್ತೆ ಕೂರಿಸಬಹುದು. ಇದು ತಿಳಿಯದೆ ಎಷ್ಟೋ ಜನ ಹಲ್ಲನ್ನು ಬಿಸಾಡಿಬಿಡುತ್ತಾರೆ.

1. ಹಲ್ಲನ್ನು ಹುಡುಕಿ, ಬಿಳಿ ಭಾಗದಲ್ಲಿ ಮಾತ್ರ ಹಿಡಿಯಿರಿ. ಬೇರನ್ನು ಮುಟ್ಟಬೇಡಿ.
2. ಮಣ್ಣಾಗಿದ್ದರೆ ಹಾಲಿನಲ್ಲಿ, ಇಲ್ಲವೇ ಹರಿಯುವ ನೀರಿನಲ್ಲಿ ಕೆಲವೇ ಕ್ಷಣ ತೊಳೆಯಿರಿ. ಉಜ್ಜಬೇಡಿ, ಒರೆಸಬೇಡಿ.
3. ಧೈರ್ಯವಿದ್ದರೆ ಹಲ್ಲಿನ ಮುಂಭಾಗ ಯಾವುದೆಂದು ಸರಿಯಾಗಿ ನೋಡಿ ಅದೇ ಜಾಗದಲ್ಲಿ ಕೂರಿಸಿ, ಕರವಸ್ತ್ರ ಕಚ್ಚಿಸಿ.
4. ಆಗದಿದ್ದರೆ ಕಾಯಿಸದ ತಣ್ಣನೆಯ ಪಾಕೀಟು ಹಾಲಿನಲ್ಲಿ ಹಾಕಿ. ಬರೇ ನೀರಿನಲ್ಲಿ, ಒಣ ಕಾಗದದಲ್ಲಿ ಇಡಬೇಡಿ.
5. ಅರ್ಧ ಗಂಟೆಯೊಳಗೆ, ತಡವಾದರೂ ಒಂದು ಗಂಟೆಯೊಳಗೆ ದಂತವೈದ್ಯರನ್ನು ತಲುಪಿ.

ಹಾಲುಹಲ್ಲು ಬಿದ್ದರೆ ಮತ್ತೆ ಕೂರಿಸಬಾರದು, ಕೆಳಗಿನ ಹಲ್ಲಿಗೆ ಪೆಟ್ಟಾಗುತ್ತದೆ.

ವೈದ್ಯರಲ್ಲಿಗೆ ಹೋಗುವುದು

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಇನ್ನೂ ಇದೆ. ಹಲ್ಲಿಗೂ ದೃಷ್ಟಿಗೂ ಬೇರೆ ಬೇರೆ ನರಗಳು, ಕಣ್ಣಿಗೆ ಏನೂ ಆಗುವುದಿಲ್ಲ. ಹಲ್ಲು ಸ್ವಚ್ಛ ಮಾಡಿಸಿದರೆ ಸಡಿಲವಾಗುತ್ತವೆ ಎನ್ನುವುದು ಇನ್ನೊಂದು. ಗಟ್ಟಿ ಪಾಚಿಯ ಕೆಳಗೆ ಮೂಳೆ ಆಗಲೇ ಕರಗಿರುತ್ತದೆ. ಪಾಚಿ ತೆಗೆದಾಗ ಸಂದಿ ಕಾಣುತ್ತದೆ, ಅಷ್ಟೆ. ಹಾಗೆಯೇ ಬಿಟ್ಟರೆ ಹಲ್ಲು ನಿಜವಾಗಿ ಬೀಳುತ್ತದೆ.

ರೂಟ್ ಕೆನಾಲ್ ಎಂದ ಕೂಡಲೇ ಕೀಳಿಸಿಬಿಡಿ ಎನ್ನಬೇಡಿ. ತಿರುಳು ಸತ್ತ ಹಲ್ಲನ್ನೂ ಸ್ವಚ್ಛ ಮಾಡಿ ತುಂಬಿ, ಮೇಲೆ ಕ್ಯಾಪ್ ಹಾಕಿದರೆ ವರ್ಷಗಟ್ಟಲೆ ರೊಟ್ಟಿ ಅಗಿಯುತ್ತದೆ. ಕೀಳಿಸಲೇಬೇಕಾದರೆ, ಕೀಳಿಸಿದ ಮೇಲೆ ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಅಂದು ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಬೀಡಿ ಸೇದಬೇಡಿ. ಹೆಪ್ಪುಗಟ್ಟಿದ ರಕ್ತ ಕದಲಿದರೆ ಎರಡು ಮೂರು ದಿನಕ್ಕೆ ಭಾರಿ ನೋವು ಬರುತ್ತದೆ. ಉಪ್ಪುನೀರು ಮರುದಿನದಿಂದ.

ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ವಸಡು, ಮಕ್ಕಳ ಹಲ್ಲು, ಸೊಟ್ಟ ಹಲ್ಲು, ಬಾಯಿಯ ಶಸ್ತ್ರಚಿಕಿತ್ಸೆ ಹೀಗೆ ಪ್ರತ್ಯೇಕ ವಿಭಾಗಗಳು ಒಂದೇ ಕಡೆ ಸಿಗುತ್ತವೆ. ಬೋಧನಾ ಆಸ್ಪತ್ರೆಯಾದ್ದರಿಂದ ಹೊತ್ತು ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ ಎಂದು ಹೆಸರಾದ ಸರ್ಕಾರಿ ಆಸ್ಪತ್ರೆ), ಗದಗ ಮತ್ತು ಹಾವೇರಿಯ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಹಲ್ಲು ತೋರಿಸಬಹುದು. ಬಾಯಿಯಲ್ಲಿ ಮಾಯದ ಹುಣ್ಣು, ಗಂಟಿದ್ದು ಕ್ಯಾನ್ಸರ್ ಅನುಮಾನವಿದೆ ಎಂದರೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಹೋಗುವ ದಿನ ತಿಂಡಿ ತಿಂದೇ ಹೊರಡಿ, ಹಸಿದ ಹೊಟ್ಟೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡರೆ ತಲೆ ಸುತ್ತಬಹುದು. ಸಕ್ಕರೆ, ರಕ್ತದೊತ್ತಡದ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ. ಮಾತ್ರೆಗಳ ಚೀಟಿ, ಹಳೆಯ ಎಕ್ಸ್‌ರೇ, ಯಾವುದಾದರೂ ಔಷಧ ಒಗ್ಗದಿದ್ದರೆ ಅದರ ಹೆಸರು ಜೊತೆಗಿರಲಿ. ಅಮಾವಾಸ್ಯೆಯ ದಿನ ತೆಗೆದ ಫೋಟೊಗಳನ್ನು ವೈದ್ಯರ ಮುಂದಿಡಿ.